ಪತ್ತಿನ ಸಂಘದ ಬೇಡಿಕೆಯನ್ನು ಸರ್ಕಾರದ ಫೈಲ್‌ಗೆ ತಲುಪಿಸುವುದು ಹೇಗೆ?

ಪ್ರತಿ ವರ್ಷ ನವೆಂಬರ್ 14ರಿಂದ 20ರವರೆಗೆ ಸಹಕಾರ ಸಪ್ತಾಹ. ಶಾಲು, ಹಾರ, ಭಾಷಣ ಎಲ್ಲ ಮುಗಿದ ಮೇಲೆ ವೇದಿಕೆಯಲ್ಲೇ ಮಂತ್ರಿಗಳ ಕೈಗೆ ಒಂದು ಮನವಿ ಪತ್ರ ಕೊಡುತ್ತೇವೆ. ಫೋಟೊ ತೆಗೆಯುತ್ತಾರೆ. ಪತ್ರ ಪಕ್ಕದಲ್ಲಿ ನಿಂತ ಆಪ್ತ ಸಹಾಯಕರ ಕೈಗೆ ಹೋಗುತ್ತದೆ. ಆಮೇಲೆ ಅದು ಎಲ್ಲಿಗೆ ಹೋಯಿತು ಅಂತ ಯಾರೂ ಕೇಳುವುದಿಲ್ಲ. ಮುಂದಿನ ನವೆಂಬರ್‌ನಲ್ಲಿ ಅದೇ ಪತ್ರಕ್ಕೆ ಹೊಸ ತಾರೀಕು ಹಾಕಿ ಮತ್ತೆ ಕೊಡುತ್ತೇವೆ.

ನಾನೂ ಅಂಥ ಪತ್ರ ಬರೆದವನೇ. ಒಂದರಲ್ಲಿ 14 ಬೇಡಿಕೆ ಇದ್ದವು. ತೆರಿಗೆ, ಚುನಾವಣೆ, ಆಡಿಟ್, ಸಿಬ್ಬಂದಿ ಸಂಬಳ, ಕಟ್ಟಡಕ್ಕೆ ಜಾಗ, ಏನುಂಟು ಏನಿಲ್ಲ. ಆರು ತಿಂಗಳು ಬಿಟ್ಟು ವಿಚಾರಿಸಲು ಹೋದೆ. ಟಪಾಲು ನೋಡುವ ಗುಮಾಸ್ತರು ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಸಾರ್, ಇದನ್ನ ಯಾವ ಫೈಲ್‌ಗೆ ಹಾಕ್ಲಿ, ನೀವೇ ಹೇಳಿ" ಅಂದರು. ಅವರು ತಮಾಷೆಗೆ ಕೇಳಿದ್ದಲ್ಲ. ನಿಜಕ್ಕೂ ಅದಕ್ಕೆ ಫೈಲ್ ಇರಲಿಲ್ಲ.

ಅವತ್ತಿನಿಂದ ಪತ್ರ ಬರೆಯುವ ಮುಂಚೆ ನಾನು ಕೇಳಿಕೊಳ್ಳುವುದು ಇದೊಂದೇ: ಇದು ಯಾವ ಫೈಲ್‌ಗೆ ಹೋಗುತ್ತದೆ? ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ, ನೌಕರರ ಪತ್ತಿನ ಸಂಘ, ಹೀಗೆ ಯಾವುದನ್ನಾದರೂ ನಡೆಸುವ ಅಧ್ಯಕ್ಷರು, ನಿರ್ದೇಶಕರು, ಕಾರ್ಯದರ್ಶಿಗಳಿಗಾಗಿ ಈ ಲೇಖನ.

ಮೊದಲು ಸರಿಯಾದ ಬಾಗಿಲು ಹುಡುಕಿ

ನಮ್ಮ ಕಷ್ಟಗಳೆಲ್ಲ ಒಂದೇ ಕಡೆ ಬಗೆಹರಿಯುವುದಿಲ್ಲ. ಕೆಲವಕ್ಕೆ ಸರ್ಕಾರದ ಹತ್ತಿರ ಹೋಗುವ ಅಗತ್ಯವೇ ಇರುವುದಿಲ್ಲ. ಸಾಲದ ಗರಿಷ್ಠ ಮಿತಿ, ಷೇರಿನ ಮೊತ್ತ, ಸಂಘದ ಕಾರ್ಯವ್ಯಾಪ್ತಿ ಇಂಥವು ಹೆಚ್ಚಾಗಿ ನಮ್ಮದೇ ಬೈಲಾದಲ್ಲಿ ಇರುತ್ತವೆ. ಮಹಾಸಭೆಯಲ್ಲಿ ತಿದ್ದುಪಡಿ ಒಪ್ಪಿಸಿಕೊಂಡು, ಸಹಕಾರ ಸಂಘಗಳ ನಿಬಂಧಕರ (ರಿಜಿಸ್ಟ್ರಾರ್) ಕಡೆಯಿಂದ ನೋಂದಣಿ ಮಾಡಿಸಿಕೊಂಡರೆ ಆಯಿತು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ ಬರುವವರು 12ನೇ ಕಲಂ ನೋಡಿ. ಬೈಲಾ ತಿದ್ದಿದರೆ ಮುಗಿಯುವ ಕೆಲಸಕ್ಕೆ ಮಂತ್ರಿಗಳನ್ನು ಹುಡುಕಿಕೊಂಡು ಹೋದ ಸಂಘಗಳು ನನಗೆ ಗೊತ್ತು.

ಇನ್ನು ಕೆಲವು ತೊಂದರೆಗಳು ಸುತ್ತೋಲೆಯಿಂದ ಹುಟ್ಟುತ್ತವೆ. ಯಾವ ನಮೂನೆಯಲ್ಲಿ ವರದಿ ಕೊಡಬೇಕು, ಯಾವ ದಾಖಲೆ ಲಗತ್ತಿಸಬೇಕು ಅನ್ನುವಂಥವು. ಸುತ್ತೋಲೆ ಹೊರಡಿಸಿದವರೇ ಅದನ್ನು ಬದಲಾಯಿಸಬಹುದು. ಹಾಗಾಗಿ ಇವು ಸಹಕಾರ ಸಂಘಗಳ ನಿಬಂಧಕರ ಕಚೇರಿಯ ಕೆಲಸ. ಸಹಾಯಕ ನಿಬಂಧಕರು, ಉಪ ನಿಬಂಧಕರ ಮೂಲಕ ಮೇಲೆ ಹೋದರೆ ಒಳ್ಳೆಯದು. ಅವರನ್ನು ಬಿಟ್ಟು ನೇರ ಬೆಂಗಳೂರಿಗೆ ಹೋದರೆ ಪತ್ರ ಮತ್ತೆ "ವರದಿ ನೀಡಿ" ಅಂತ ಅವರ ಮೇಜಿಗೇ ವಾಪಸ್ ಬರುತ್ತದೆ. ಆಗ ಅವರ ಮುಖ ಹೇಗಿರುತ್ತದೆ, ಊಹಿಸಿಕೊಳ್ಳಿ.

ಕಾಯ್ದೆ ಮತ್ತು ನಿಯಮ ಬದಲಾಗಬೇಕಾದರೆ ವಿಧಾನಸೌಧ. ಸಹಕಾರ ಸಂಘಗಳು ಸಂವಿಧಾನದ ರಾಜ್ಯ ಪಟ್ಟಿಯಲ್ಲಿವೆ. ಸಹಕಾರ ಸಂಘಗಳ ಬಗ್ಗೆ ಸಂವಿಧಾನಕ್ಕೆ 97ನೇ ತಿದ್ದುಪಡಿ ಬಂದಾಗ ಎಲ್ಲ ದೆಹಲಿಗೆ ಹೋಯಿತೇನೋ ಅಂತ ಹಲವರು ಅಂದುಕೊಂಡಿದ್ದರು. 2021ರ ಜುಲೈ 20ರಂದು ಸುಪ್ರೀಂ ಕೋರ್ಟ್ ಆ ತಿದ್ದುಪಡಿ ಸೇರಿಸಿದ ಭಾಗ ರಾಜ್ಯದೊಳಗಿನ ಸಂಘಗಳಿಗೆ ಅನ್ವಯಿಸುವುದಿಲ್ಲ ಎಂದಿತು. ಬಹುರಾಜ್ಯ ಸಹಕಾರ ಸಂಘಗಳ ಮಟ್ಟಿಗೆ ಮಾತ್ರ ಅದು ಉಳಿಯಿತು. ಆದ್ದರಿಂದ ನಮ್ಮ ಚುನಾವಣೆ, ಆಡಳಿತ ಮಂಡಳಿ, ಮತದಾನದ ಹಕ್ಕಿನ ಬಗ್ಗೆ ಕೇಂದ್ರ ಸಹಕಾರ ಸಚಿವಾಲಯಕ್ಕೆ ಬರೆಯುವುದು ಅಂಚೆ ಖರ್ಚಿಗೆ ದಂಡ. ಇನ್ನೊಂದು ಮಾತು. ಸೌಹಾರ್ದದವರಿಗೆ 1997ರ ಬೇರೆ ಕಾಯ್ದೆ ಇದೆ. 1959ರ ಕಾಯ್ದೆಯ ಕಲಂ ನಂಬರ್ ಹಾಕಿದ ಪತ್ರವನ್ನು ಸೌಹಾರ್ದ ಸಹಕಾರಿ ಕೊಟ್ಟರೆ ಮೊದಲ ಸಾಲಿನಲ್ಲೇ ಮಾನ ಹೋಗುತ್ತದೆ.

ಆದಾಯ ತೆರಿಗೆ ಪೂರ್ತಿ ಕೇಂದ್ರದ್ದು. ಇದರಲ್ಲೂ ಎರಡು ಬಗೆ. ಕಾಯ್ದೆಯಲ್ಲೇ ಬರೆದಿದ್ದರೆ ಸಂಸತ್ತಿನಲ್ಲೇ, ಸಾಮಾನ್ಯವಾಗಿ ಹಣಕಾಸು ಮಸೂದೆಯ ಮೂಲಕ, ಬದಲಾಗಬೇಕು. ಜಾರಿಯ ತೊಂದರೆಯಾದರೆ ಕೇಂದ್ರ ನೇರ ತೆರಿಗೆ ಮಂಡಳಿಯ ಒಂದು ಸುತ್ತೋಲೆ ಸಾಕಾಗಬಹುದು.

ಎರಡನೆಯದಕ್ಕೆ ಒಳ್ಳೆಯ ಉದಾಹರಣೆ ಇದೆ. ಸಹಕಾರ ಸಂಘಗಳ ಆದಾಯಕ್ಕೆ ಆದಾಯ ತೆರಿಗೆ ಕಾಯ್ದೆಯ 80ಪಿ ಕಲಂ ಕೊಡುವ ವಿನಾಯಿತಿ ಬೇಕಾದರೆ ರಿಟರ್ನ್ ಅನ್ನು ಗಡುವಿನೊಳಗೆ ಸಲ್ಲಿಸಲೇಬೇಕು ಅನ್ನುವ ನಿಯಮ 2018-19ರ ತೆರಿಗೆ ನಿರ್ಧಾರಣಾ ವರ್ಷದಿಂದ ಬಂತು. ಆದರೆ ರಾಜ್ಯದ ಕಾನೂನಿನ ಪ್ರಕಾರ ಆಗಬೇಕಾದ ಆಡಿಟ್ ತಡವಾದರೆ ಸಂಘ ಏನು ಮಾಡಬೇಕು? ತಪ್ಪು ಇನ್ನೊಬ್ಬರದು, ತೆರಿಗೆ ನಮ್ಮ ಮೇಲೆ. ಈ ಬಗ್ಗೆ ಮಂಡಳಿಗೆ ಅರ್ಜಿಗಳು ಹೋದವು. 2023ರ ಜುಲೈನಲ್ಲಿ 13ನೇ ಸುತ್ತೋಲೆ ಬಂತು. 2018-19ರಿಂದ 2022-23ರವರೆಗಿನ ವರ್ಷಗಳಿಗೆ, ಆಡಿಟ್ ತಡವಾದ ಕಾರಣಕ್ಕೆ ರಿಟರ್ನ್ ತಡವಾಗಿದ್ದರೆ, ಆ ವಿಳಂಬವನ್ನು ಮನ್ನಿಸುವ ಅಧಿಕಾರವನ್ನು ಮುಖ್ಯ ಆಯುಕ್ತರ ಮಟ್ಟಕ್ಕೆ ಕೊಟ್ಟರು. ಕಾಯ್ದೆಯ ಒಂದು ಅಕ್ಷರವೂ ಬದಲಾಗಲಿಲ್ಲ. ಕೇಳಿದ್ದು ಚಿಕ್ಕದು, ಕಾರಣ ಸ್ಪಷ್ಟ, ಕೊಡುವ ಅಧಿಕಾರ ಇದ್ದವರ ಬಳಿಯೇ ಕೇಳಿದ್ದು. "80ಪಿ ತೊಂದರೆ ನಿವಾರಿಸಿ" ಅಂತ ಮಾತ್ರ ಬರೆದಿದ್ದರೆ ಇದು ಆಗುತ್ತಿತ್ತಾ?

ಒಂದು ಬೇಡಿಕೆ ಆರಿಸಿ

ಆಡಳಿತ ಮಂಡಳಿಯ ಸಭೆಯಲ್ಲಿ ಕೇಳಿದರೆ ಎಲ್ಲರೂ ಒಂದೊಂದು ಹೇಳುತ್ತಾರೆ. ಎಲ್ಲವನ್ನೂ ಬರೆದುಕೊಳ್ಳಿ, ಬೇಸರ ಮಾಡಬೇಡಿ. ಆಮೇಲೆ ಪ್ರತಿಯೊಂದರ ಮುಂದೆ ಬಾಗಿಲಿನ ಹೆಸರು ಬರೆಯಿರಿ. ಬೈಲಾದವು ಹೊರಗೆ ಹೋಗುತ್ತವೆ. ಉಳಿದದ್ದರಲ್ಲಿ ನೋಡಬೇಕಾದದ್ದು: ಇದರಿಂದ ಎಷ್ಟು ಸದಸ್ಯರಿಗೆ ಪೆಟ್ಟು ಬೀಳುತ್ತಿದೆ, ಅದನ್ನು ನಮ್ಮ ಪುಸ್ತಕದಿಂದಲೇ ತೋರಿಸಲು ಆಗುತ್ತದಾ, ಸರ್ಕಾರ ಈಗಾಗಲೇ ಬೇರೆ ಯಾರಿಗಾದರೂ ಇದನ್ನು ಕೊಟ್ಟಿದೆಯಾ. ಮೂರನೆಯದು ಸಿಕ್ಕರೆ ಬಿಡಲೇಬೇಡಿ. ಹೊಸದಾಗಿ ಏನನ್ನಾದರೂ ಕೊಡಲು ಸರ್ಕಾರ ಹಿಂದೆ ಮುಂದೆ ನೋಡುತ್ತದೆ. ಪಕ್ಕದವರಿಗೆ ಕೊಟ್ಟದ್ದನ್ನು ನಮಗೂ ಕೊಡಿ ಅನ್ನುವುದು ಸುಲಭ.

ಪಿಗ್ಮಿಯನ್ನೇ ತೆಗೆದುಕೊಳ್ಳೋಣ. ಬಸ್ ಸ್ಟ್ಯಾಂಡ್ ಹತ್ತಿರ ಹೂವು ಮಾರುವ ಒಬ್ಬ ಸದಸ್ಯೆ ದಿನಕ್ಕೆ 100 ರೂಪಾಯಿ ಪಿಗ್ಮಿ ಕಟ್ಟುತ್ತಾರೆ ಅಂದುಕೊಳ್ಳಿ. ಸಂಜೆ ಪಿಗ್ಮಿ ಏಜೆಂಟ್ ಬರುತ್ತಾರೆ, ಮೆಷಿನ್‌ನಲ್ಲಿ ಒತ್ತುತ್ತಾರೆ, ಚೀಟಿ ಕೊಡುತ್ತಾರೆ. 200ನೇ ದಿನ ಆ ಖಾತೆಯಲ್ಲಿ 20,000 ಆಗುತ್ತದೆ. ಆದಾಯ ತೆರಿಗೆ ಕಾಯ್ದೆಯ 269ಎಸ್‌ಎಸ್ ಹೇಳುವುದೇನು? ಒಬ್ಬರಿಂದ ಪಡೆದ ಠೇವಣಿ, ಹಳೆಯ ಬಾಕಿಯೂ ಸೇರಿ, 20,000 ಅಥವಾ ಅದಕ್ಕಿಂತ ಜಾಸ್ತಿ ಆದರೆ ನಗದಿನಲ್ಲಿ ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ. ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳಿಗೆ ಈ ಕಟ್ಟು ಇಲ್ಲ. ನಮಗೆ ಇದೆ. ಆ ಹೂವಿನವರು ಕೊಡುವ 100 ರೂಪಾಯಿ ನೋಟು 199ನೇ ದಿನದವರೆಗೆ ಸರಿ, 200ನೇ ದಿನ ತಪ್ಪು. ಸಕಾರಣ ಇದ್ದರೆ ದಂಡ ಬಿಡಬಹುದು ಅಂತ 273ಬಿ ಹೇಳುತ್ತದೆ, ನಿಜ. ಆದರೆ ಅದು ನೋಟಿಸ್ ಬಂದ ಮೇಲಿನ ಮಾತು.

2023ರ ಬಜೆಟ್‌ನಲ್ಲಿ ಈ ಮಿತಿಯನ್ನು 2 ಲಕ್ಷಕ್ಕೆ ಏರಿಸಿದರು. ಯಾರಿಗೆ? ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ, ಅಂದರೆ ನಮ್ಮ ಕಡೆ ವಿಎಸ್‌ಎಸ್‌ಎನ್ ಅನ್ನುತ್ತೇವಲ್ಲ ಅವುಗಳಿಗೆ. ಜೊತೆಗೆ ನಾವು ಇನ್ನೂ ಪಿಎಲ್‌ಡಿ ಬ್ಯಾಂಕ್ ಅಂತಲೇ ಕರೆಯುವ ಪ್ರಾಥಮಿಕ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿ ಬ್ಯಾಂಕುಗಳಿಗೆ. ಪಟ್ಟಣದ ಪತ್ತಿನ ಸಂಘ, ಸೌಹಾರ್ದ, ನೌಕರರ ಸಂಘ ಆ ಪಟ್ಟಿಗೆ ಸೇರಲಿಲ್ಲ. ಅದೇ ಬಜೆಟ್‌ನಲ್ಲಿ ಬ್ಯಾಂಕಿನಿಂದ ನಗದು ತೆಗೆಯುವಾಗ ಟಿಡಿಎಸ್ ಹಿಡಿಯುವ ಮಿತಿಯನ್ನು ಎಲ್ಲ ಸಹಕಾರ ಸಂಘಗಳಿಗೂ 3 ಕೋಟಿಗೆ ಏರಿಸಿದ್ದರು. ಅಂದರೆ ಸಹಕಾರ ಸಂಘದ ಕೈಯಲ್ಲಿ ನಗದು ಓಡಾಡುತ್ತದೆ ಅನ್ನುವುದನ್ನು ಸರ್ಕಾರ ಒಪ್ಪಿದೆ. ಇನ್ನು ಕೇಳಬೇಕಾದದ್ದು ಪಟ್ಟಿಗೆ ಇನ್ನೊಂದು ಹೆಸರು ಸೇರಿಸಿ ಅಂತ, ಅಷ್ಟೇ. ಬೇಡಿಕೆ ಅಂದರೆ ಇಷ್ಟು ಸಣ್ಣದಾಗಿರಬೇಕು.

ಒಂದು ಎಚ್ಚರಿಕೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಅದರಲ್ಲಿ ಕಲಂಗಳ ನಂಬರ್ ಬೇರೆ. ಪತ್ರದಲ್ಲಿ ಹಳೆಯ ನಂಬರ್ ಜೊತೆಗೆ ಹೊಸದನ್ನೂ ಹಾಕಿ. ಇತ್ತೀಚಿನ ಬಜೆಟ್‌ನಲ್ಲಿ ಏನಾದರೂ ಬದಲಾಗಿದೆಯಾ ಅಂತ ನಿಮ್ಮ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ನೋಡಿಸಿಯೇ ಸಹಿ ಮಾಡಿ.

ಲೆಕ್ಕ ಇಲ್ಲದೆ ಹೋಗಬೇಡಿ

"ಸಾವಿರಾರು ಬಡವರಿಗೆ ತೊಂದರೆ" ಅನ್ನುವ ಸಾಲನ್ನು ಹೊಡೆದು ಹಾಕಿ. ಅದರ ಜಾಗದಲ್ಲಿ ಲೆಡ್ಜರ್‌ನಿಂದ ತೆಗೆದ ಅಂಕಿ ಬರಲಿ. ಪಿಗ್ಮಿ ಖಾತೆ ಎಷ್ಟು, ಕಳೆದ ವರ್ಷ ಅದರಲ್ಲಿ 20,000 ದಾಟಿದ್ದು ಎಷ್ಟು, ದಾಟುವ ಮುಂಚೆ ಮುರಿದು ಬೇರೆ ಹೆಸರಿನಲ್ಲಿ ತೆರೆದದ್ದು ಎಷ್ಟು. ಈ ಕೊನೆಯದು ಮುಜುಗರದ ಅಂಕಿ, ಗೊತ್ತು. ಹಾಗೆ ಮಾಡಿದ್ದರೆ ಅದನ್ನು ಪತ್ರದಲ್ಲಿ ಬರೆಯುವ ಮೊದಲು ನಿಲ್ಲಿಸಿ.

ತಾಲೂಕಿನ ಇನ್ನೂ ನಾಲ್ಕು ಸಂಘದವರನ್ನು ಕೂರಿಸಿ ಇದೇ ಅಂಕಿಗಳನ್ನು ಒಂದೇ ಹಾಳೆಯಲ್ಲಿ ತುಂಬಿಸಿ. ಒಂದು ಸಂಘದ ಅಂಕಿ ಅದರ ಗೋಳಾಗಿಯೇ ಉಳಿಯುತ್ತದೆ. ಐದು ಸಂಘಗಳದ್ದು ಒಟ್ಟಿಗೆ ಬಂದರೆ ಶಾಸಕರ ಕಿವಿ ನೆಟ್ಟಗಾಗುತ್ತದೆ, ಏಕೆಂದರೆ ಸದಸ್ಯರ ಒಟ್ಟು ಸಂಖ್ಯೆ ನೋಡಿದಾಗ ಅವರಿಗೆ ಮತದಾರರ ಪಟ್ಟಿ ನೆನಪಾಗುತ್ತದೆ. ಸದಸ್ಯರ ಹೆಸರು, ಖಾತೆ ನಂಬರ್ ಮಾತ್ರ ಯಾವ ಕಾರಣಕ್ಕೂ ಲಗತ್ತಿಸಬೇಡಿ. ಒಟ್ಟು ಮೊತ್ತ ಸಾಕು.

ಪತ್ರ ಒಂದೇ ಪುಟ

ನಾನು ಈಗ ಬರೆಯುವುದು ಹೀಗೆ:

"ವಿಷಯ: ಪತ್ತಿನ ಸಹಕಾರ ಸಂಘಗಳ ಸದಸ್ಯರ ನಗದು ಠೇವಣಿ ಮಿತಿಯನ್ನು 20,000 ರೂಪಾಯಿಯಿಂದ 2 ಲಕ್ಷಕ್ಕೆ ಏರಿಸುವ ಕುರಿತು.

2023ರ ಹಣಕಾಸು ಕಾಯ್ದೆಯು ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಈ ಮಿತಿಯನ್ನು 2 ಲಕ್ಷ ಮಾಡಿದೆ. ಸದಸ್ಯರಿಂದ ಮಾತ್ರ ಠೇವಣಿ ಪಡೆದು ಸದಸ್ಯರಿಗೆ ಮಾತ್ರ ಸಾಲ ಕೊಡುವ ಪತ್ತಿನ ಸಹಕಾರ ಸಂಘಗಳನ್ನೂ ಇದೇ ಪಟ್ಟಿಗೆ ಸೇರಿಸಲು ಕೋರುತ್ತೇವೆ. ನಮ್ಮ ತಾಲೂಕಿನ 5 ಸಂಘಗಳಲ್ಲಿ ಒಟ್ಟು ಇಷ್ಟು ಪಿಗ್ಮಿ ಖಾತೆಗಳಿವೆ, ಇಷ್ಟು ಖಾತೆಗಳು ವರ್ಷದಲ್ಲಿ ಮಿತಿ ದಾಟುತ್ತವೆ. ಎಲ್ಲ ಖಾತೆಗಳಿಗೂ ಸದಸ್ಯರ ಪ್ಯಾನ್ ಅಥವಾ ಗುರುತಿನ ದಾಖಲೆ ಪಡೆದಿದ್ದೇವೆ. ಸೇರಿಸಬೇಕಾದ ಪದಗಳನ್ನು ಲಗತ್ತಿಸಿದ್ದೇವೆ."

ಇದಾದ ಮೇಲೆ ಮಹಾಸಭೆಯ ಠರಾವಿನ ನಂಬರ್, ತಾರೀಕು, ಸಹಿ, ಫೋನ್. ಮುಗಿಯಿತು. "ಸಹಕಾರ ಪಿತಾಮಹರ ಆಶಯದಂತೆ" ಅಂತ ಶುರುಮಾಡುವ ಆಸೆ ನಮಗೆಲ್ಲ ಇರುತ್ತದೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ್ದು ನಮಗೆ ಹೆಮ್ಮೆಯ ವಿಷಯವೇ. ಆದರೆ ಅದನ್ನು ಸಪ್ತಾಹದ ಭಾಷಣಕ್ಕೆ ಇಟ್ಟುಕೊಳ್ಳಿ. ಅಧೀನ ಕಾರ್ಯದರ್ಶಿಗೆ ಬೇಕಿರುವುದು ಫೈಲ್‌ನ ಟಿಪ್ಪಣಿಗೆ ಎತ್ತಿ ಬರೆಯಬಹುದಾದ ಎರಡು ವಾಕ್ಯ.

ಪದಗಳನ್ನೇ ಬರೆದುಕೊಡುವುದು ನನ್ನ ಅನುಭವದಲ್ಲಿ ತುಂಬಾ ಕೆಲಸ ಮಾಡುತ್ತದೆ. ಈಗಿನ ವಾಕ್ಯ ಎಡಕ್ಕೆ, ನಮಗೆ ಬೇಕಾದ ವಾಕ್ಯ ಬಲಕ್ಕೆ, ಸೇರಿಸಿದ ಪದಕ್ಕೆ ಕೆಳಗೆರೆ. ಅರ್ಧ ಪುಟದ ಹಾಳೆ. ವಕೀಲರು ಬೇಕೆಂದೇನೂ ಇಲ್ಲ, ಆದರೆ ಒಮ್ಮೆ ತೋರಿಸಿದರೆ ನಷ್ಟವಿಲ್ಲ.

ಅವರು ಕೇಳುವ ಪ್ರಶ್ನೆಗೆ ಮೊದಲೇ ರೆಡಿಯಾಗಿ

ಅಧಿಕಾರಿ ಪತ್ರ ಓದಿ ತಲೆ ಎತ್ತಿದಾಗ ಕೇಳುವುದು ಸಾಮಾನ್ಯವಾಗಿ ಒಂದೇ: "ನಿಮ್ಮಂಥ ಸಂಘಗಳು ಠೇವಣಿದಾರರಿಗೆ ಟೋಪಿ ಹಾಕ್ತವಲ್ಲ?" ಸಿಟ್ಟಾಗಬೇಡಿ. ಆ ಮಾತಿಗೆ ಕಾರಣ ಇದೆ. ಠೇವಣಿದಾರರ ರಕ್ಷಣೆಗೆ 2004ರಲ್ಲಿ ರಾಜ್ಯ ಬೇರೆ ಕಾಯ್ದೆಯನ್ನೇ ತರಬೇಕಾಯಿತು.

ಹಾಗಾಗಿ ಹೋಗುವ ಮುಂಚೆ ನಮ್ಮ ಬೋರ್ಡ್ ನೋಡಿಕೊಳ್ಳೋಣ, ಆಡಳಿತ ಮಂಡಳಿಯಲ್ಲ, ಬಾಗಿಲ ಮೇಲಿನ ನಾಮಫಲಕ. ಸಂಘದ ಹೆಸರಿನಲ್ಲೋ ಪಾಂಪ್ಲೆಟ್‌ನಲ್ಲೋ "ಬ್ಯಾಂಕ್" ಅಂತ ಇದೆಯಾ? ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 2020ರ ತಿದ್ದುಪಡಿಯ ನಂತರ ಅದು ನಿಷಿದ್ಧ. 2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಸಾರ್ವಜನಿಕರಿಗೆ ಎಚ್ಚರಿಕೆಯನ್ನೇ ಕೊಟ್ಟಿತು. ಹೆಸರಿನ ಜೊತೆಗೆ, ಸದಸ್ಯರಲ್ಲದವರಿಂದಲೂ ನಾಮಮಾತ್ರ ಸದಸ್ಯರಿಂದಲೂ ಠೇವಣಿ ತೆಗೆದುಕೊಳ್ಳುವುದನ್ನು ಅದರಲ್ಲಿ ಎತ್ತಿ ಹೇಳಿತ್ತು. ಬ್ಯಾಂಕ್ ಠೇವಣಿಗೆ ಇರುವ 5 ಲಕ್ಷದ ವಿಮೆ ನಮ್ಮ ಠೇವಣಿಗೆ ಇಲ್ಲ. ಏಜೆಂಟರು ಮನೆ ಮನೆಯಲ್ಲಿ ಏನು ಹೇಳುತ್ತಿದ್ದಾರೆ ಅಂತ ಒಮ್ಮೆ ಜೊತೆಗೆ ಹೋಗಿ ಕೇಳಿ. ಆಡಿಟ್ ವರ್ಗೀಕರಣದಲ್ಲಿ ಕೆಳಗಿನ ದರ್ಜೆ, 'ಸಿ' ಅಥವಾ 'ಡಿ' ಇದ್ದರೆ ಈ ವರ್ಷ ಮನವಿ ಬಿಡಿ, ವಸೂಲಿ ನೋಡಿ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ, ಕೆಲವರಿಗೆ ಇಷ್ಟವಾಗದೆ ಇರಬಹುದು. ನಮಗೂ ಠೇವಣಿ ವಿಮೆ ಕೊಡಿ ಅಂತ ಹಲವು ಸಭೆಗಳಲ್ಲಿ ಚಪ್ಪಾಳೆ ಬೀಳುತ್ತದೆ. ವಿಮೆ ಕೊಡುವವರು ತಪಾಸಣೆಯನ್ನೂ ಮಾಡುತ್ತಾರೆ. ಬಂಡವಾಳದ ಪ್ರಮಾಣ, ಸುಸ್ತಿ ಸಾಲದ ಲೆಕ್ಕ, ನಿರ್ದೇಶಕರ ಸಾಲ, ಎಲ್ಲದರ ಮೇಲೂ ಬ್ಯಾಂಕಿನ ನಿಯಮ ಬರುತ್ತದೆ. ಅದಕ್ಕೆ ಸಿದ್ಧವಿದ್ದರೆ ಕೇಳಿ, ತಪ್ಪೇನಿಲ್ಲ. ವಿಮೆ ಬೇಕು, ತಪಾಸಣೆ ಬೇಡ ಅಂದರೆ ಯಾರೂ ಒಪ್ಪುವುದಿಲ್ಲ. ನಾನು ಅಧಿಕಾರಿಯಾಗಿದ್ದರೂ ಒಪ್ಪುತ್ತಿರಲಿಲ್ಲ.

ಯಾವಾಗ, ಯಾರ ಮೂಲಕ

ಕ್ಯಾಲೆಂಡರ್ ಹಿಂದಿನಿಂದ ಓದಿ. ಕೇಂದ್ರ ಬಜೆಟ್ ಫೆಬ್ರವರಿ 1. ಜನವರಿಯಲ್ಲಿ ಕೊಟ್ಟ ಪತ್ರಕ್ಕೆ ಅಲ್ಲಿ ಜಾಗವಿಲ್ಲ, ಮಸೂದೆ ಅಷ್ಟರಲ್ಲಿ ಸಿದ್ಧವಾಗಿರುತ್ತದೆ. ಅಕ್ಟೋಬರ್, ನವೆಂಬರ್ ಸರಿಯಾದ ಕಾಲ. ಹಾಗಾದರೆ ಠರಾವು ಸೆಪ್ಟೆಂಬರ್‌ನ ಮಹಾಸಭೆಯಲ್ಲಿ ಆಗಬೇಕು. ಅಂಕಿಗಳು ಜೂನ್, ಜುಲೈನಲ್ಲಿ, ಆಡಿಟ್ ಪುಸ್ತಕಗಳು ಮೇಜಿನ ಮೇಲಿರುವಾಗಲೇ ತಯಾರಾಗಬೇಕು. ರಾಜ್ಯ ಬಜೆಟ್‌ಗೆ ಸ್ವಲ್ಪ ಹೆಚ್ಚು ಸಮಯ ಸಿಗುತ್ತದೆ, ಆದರೂ ಡಿಸೆಂಬರ್ ದಾಟಿಸಬೇಡಿ. ಚುನಾವಣೆ ನೀತಿ ಸಂಹಿತೆ ಬಂದರೆ ಎಲ್ಲವೂ ನಿಂತುಹೋಗುತ್ತದೆ, ಆಗ ಸುಮ್ನೆ ಓಡಾಡಬೇಡಿ.

ಸೌಹಾರ್ದದವರು ರಾಜ್ಯ ಸೌಹಾರ್ದ ಸಂಯುಕ್ತ ಸಹಕಾರಿಯ ಮೂಲಕ, 1959ರ ಕಾಯ್ದೆಯವರು ಜಿಲ್ಲಾ ಸಹಕಾರ ಯೂನಿಯನ್ ಮತ್ತು ರಾಜ್ಯ ಸಹಕಾರ ಮಹಾಮಂಡಳದ ಮೂಲಕ ಒಂದು ಪ್ರತಿ ಕಳಿಸಲೇಬೇಕು. ಸರ್ಕಾರ ಸಭೆ ಕರೆದಾಗ ಕುರ್ಚಿ ಇರುವುದು ಅವರಿಗೆ. ತೆರಿಗೆಯ ವಿಷಯಕ್ಕೆ ನಿಮ್ಮ ಕ್ಷೇತ್ರದ ಸಂಸದರು. ರಾಜ್ಯದಿಂದ ಲೋಕಸಭೆಗೆ 28, ರಾಜ್ಯಸಭೆಗೆ 12 ಜನ ಇದ್ದಾರೆ. ಸಹಕಾರಿ ಹಿನ್ನೆಲೆಯವರು ಯಾರು ಅಂತ ನಿಮ್ಮ ಜಿಲ್ಲೆಯಲ್ಲೇ ಕೇಳಿದರೆ ಗೊತ್ತಾಗುತ್ತದೆ. ಪಕ್ಷ ನೋಡಬೇಡಿ. ಸಂಘದ ಲೆಟರ್‌ಹೆಡ್‌ನಲ್ಲಿ ಯಾವ ಪಕ್ಷದ ಬಣ್ಣವೂ ಕಾಣಬಾರದು.

ಶಾಸಕರ ಹತ್ತಿರ ಹೋದಾಗ ಸಿಗುವುದು ಐದು ನಿಮಿಷ, ಅದರಲ್ಲಿ ಎರಡು ಫೋನಿಗೆ ಹೋಗುತ್ತದೆ. ಮೂರೇ ಜನ ಹೋಗಿ. ಒಬ್ಬರು ಮಾತಾಡಲಿ. ಸಾಧ್ಯವಾದರೆ ಪಿಗ್ಮಿ ಕಟ್ಟುವ ಒಬ್ಬ ಸದಸ್ಯರನ್ನೇ ಪಾಸ್‌ಬುಕ್ ಸಮೇತ ಕರೆದುಕೊಂಡು ಹೋಗಿ. ಹೊರಡುವ ಮುಂಚೆ, "ಸಾರ್, ಇದನ್ನ ಸದನದಲ್ಲಿ ಪ್ರಶ್ನೆಯಾಗಿ ಹಾಕ್ತೀರಾ?" ಅಂತ ನೇರವಾಗಿ ಕೇಳಿ. ರಾಜ್ಯದ ವಿಷಯವಾದರೆ ಪ್ರಶ್ನೆಯನ್ನು ನೀವೇ ಬರೆದು ಕೊಡಿ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸದನದಲ್ಲೇ ಉತ್ತರಿಸಬೇಕು. ಉತ್ತರದಲ್ಲಿ "ಕ್ರಮ ಕೈಗೊಳ್ಳಲಾಗುವುದು" ಎಂದು ಬಂದರೆ ಅದು ಸದನದಲ್ಲಿ ಕೊಟ್ಟ ಮಾತು ಈಡೇರಿತಾ ಅಂತ ನೋಡುವ ಭರವಸೆಗಳ ಸಮಿತಿಯ ಲೆಕ್ಕಕ್ಕೆ ಹೋಗಬಹುದು. ವೇದಿಕೆಯ ಮೇಲಿನ ಭರವಸೆಗೂ ಸದನದ ಭರವಸೆಗೂ ಇರುವ ವ್ಯತ್ಯಾಸ ಇದೇ: ಎರಡನೆಯದಕ್ಕೆ ದಾಖಲೆ ಇರುತ್ತದೆ.

ಕರಡು ನಿಯಮ ರಾಜ್ಯಪತ್ರದಲ್ಲಿ ಪ್ರಕಟವಾದಾಗ ಆಕ್ಷೇಪಣೆ, ಸಲಹೆಗೆ ಎಷ್ಟು ದಿನ ಅಂತ ಅದರಲ್ಲೇ ಬರೆದಿರುತ್ತದೆ. ಸಂಘಗಳು ಹೆಚ್ಚಾಗಿ ಇದನ್ನು ನೋಡುವುದೇ ಇಲ್ಲ. ನಿಯಮ ಜಾರಿಯಾದ ಮೇಲೆ ಪ್ರತಿಭಟನೆ ಮಾಡುತ್ತೇವೆ. ಕಚೇರಿಯಲ್ಲಿ ಕಂಪ್ಯೂಟರ್ ಗೊತ್ತಿರುವ ಒಬ್ಬರಿಗೆ ವಾರಕ್ಕೊಮ್ಮೆ ರಾಜ್ಯಪತ್ರ ನೋಡುವ ಕೆಲಸ ವಹಿಸಿ.

ಕೋರ್ಟಿನ ದಾರಿ

ಇದೂ ಒಂದು ದಾರಿ, ಆದರೆ ಉದ್ದದ್ದು. ಸೌಹಾರ್ದ ಸಹಕಾರಿಗಳೂ 80ಪಿ ಮಟ್ಟಿಗೆ ಸಹಕಾರ ಸಂಘಗಳೇ ಎಂದು ಕರ್ನಾಟಕ ಹೈಕೋರ್ಟ್ 2020ರಲ್ಲಿ ಸ್ವಾಭಿಮಾನಿ ಸೌಹಾರ್ದ ಪ್ರಕರಣದಲ್ಲಿ ಹೇಳಿತು. 2021ರ ಜನವರಿಯಲ್ಲಿ ಕೇರಳದ ಮಾವಿಲಾಯಿ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬ್ಯಾಂಕ್ ಲೈಸೆನ್ಸ್ ಇಲ್ಲದ ಸಂಘಗಳಿಗೆ ಸಹಕಾರಿ ಬ್ಯಾಂಕುಗಳಿಗೆ ವಿನಾಯಿತಿ ಇಲ್ಲ ಅನ್ನುವ 80ಪಿಯ 4ನೇ ಉಪ ಕಲಂ ಅಡ್ಡಿಯಾಗದು ಎಂದಿತು. ಆದರೆ 2010ರಲ್ಲಿ ಸದಸ್ಯರ ಬೆಳೆ ಮಾರಿಕೊಡುವ ನಮ್ಮ ಶಿರಸಿಯ ತೋಟಗಾರ್ಸ್ ಸಂಘ ಸುಪ್ರೀಂ ಕೋರ್ಟ್‌ನಲ್ಲಿ ಸೋತಿತ್ತು. ಮಾರಾಟದ ಹಣವನ್ನು ಬ್ಯಾಂಕಿನಲ್ಲಿಟ್ಟು ಬಂದ ಬಡ್ಡಿಗೆ ಆ ವಿನಾಯಿತಿ ಇಲ್ಲ ಎಂಬ ಆ ತೀರ್ಪನ್ನು ಇವತ್ತಿಗೂ ನಮ್ಮ ನೋಟಿಸ್‌ಗಳಲ್ಲಿ ಎತ್ತಿ ಬರೆಯುತ್ತಾರೆ. ಒಂಟಿಯಾಗಿ ಹೋಗಿ ಸೋತರೆ ಎಲ್ಲರಿಗೂ ಸೋಲು. ಹೋಗುವುದಾದರೆ ಸಂಯುಕ್ತ ಸಂಸ್ಥೆಯನ್ನು ಜೊತೆಗಿಟ್ಟುಕೊಂಡು ಹೋಗಿ.

ಫೈಲ್ ಹಿಂದೆ ನಡೆಯಿರಿ

ಪತ್ರ ಕೊಟ್ಟ ದಿನವೇ ಇನ್‌ವರ್ಡ್ ನಂಬರ್ ತೆಗೆದುಕೊಳ್ಳಿ. ಸೀಲ್ ಹಾಕಿದ ಪ್ರತಿ ನಿಮ್ಮ ಫೈಲ್‌ನಲ್ಲಿರಲಿ. 15 ದಿನ ಬಿಟ್ಟು ಫೋನ್ ಮಾಡಿ, ಫೈಲ್ ನಂಬರ್ ಕೇಳಿ. ಇನ್‌ವರ್ಡ್ ನಂಬರ್ ಬೇರೆ, ಫೈಲ್ ನಂಬರ್ ಬೇರೆ. ಎರಡನೆಯದು ಸಿಕ್ಕರೆ ಪತ್ರಕ್ಕೆ ಜೀವ ಬಂದಿದೆ ಅಂತ ಅರ್ಥ.

ಎರಡು ತಿಂಗಳಾದರೂ ಸುದ್ದಿ ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. ಸಂಘದ ಹೆಸರಲ್ಲಿ ಬೇಡ. ಮಾಹಿತಿ ಕೇಳುವ ಹಕ್ಕು ನಾಗರಿಕರದ್ದು, ಆದ್ದರಿಂದ ಒಬ್ಬ ಸದಸ್ಯರ ಹೆಸರಲ್ಲಿ ಹಾಕಿ. "ಏಕೆ ಮಾಡಿಲ್ಲ" ಅಂತ ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. "ಈ ನಂಬರಿನ ಪತ್ರದ ಮೇಲೆ ಬರೆದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ" ಅಂತ ಕೇಳಿ. 30 ದಿನದ ಗಡುವು ಇದೆ.

ಕೊನೆಗೆ ಉತ್ತರ ಬಂದೇ ಬರುತ್ತದೆ. ಹೆಚ್ಚಾಗಿ ಒಂದೇ ಸಾಲು: "ಪರಿಶೀಲಿಸಿ ಹಿಂಬರಹ ನೀಡಲಾಗಿದೆ, ಸದ್ಯಕ್ಕೆ ಪ್ರಸ್ತಾವ ಇರುವುದಿಲ್ಲ." ಬೇಸರವಾಗುತ್ತದೆ. ಆದರೆ ಟಿಪ್ಪಣಿ ಹಾಳೆ ಕೈಗೆ ಸಿಕ್ಕಿದ್ದರೆ ಯಾವ ಮೇಜಿನಲ್ಲಿ, ಯಾವ ಕಾರಣಕ್ಕೆ ಬೇಡ ಅಂದರು ಅನ್ನುವುದು ಅದರಲ್ಲೇ ಇರುತ್ತದೆ. ಅಂಕಿ ಸಾಲದು ಅಂದಿದ್ದಾರಾ, ದುರುಪಯೋಗ ಆಗುತ್ತದೆ ಅಂದಿದ್ದಾರಾ, ನಮ್ಮ ಇಲಾಖೆಯ ವ್ಯಾಪ್ತಿ ಅಲ್ಲ ಅಂದಿದ್ದಾರಾ? ಮುಂದಿನ ಜೂನ್‌ನಲ್ಲಿ ಅಂಕಿ ತೆಗೆಯಲು ಕೂರುವಾಗ ಆ ಹಾಳೆಯನ್ನು ಎದುರಿಗೆ ಇಟ್ಟುಕೊಳ್ಳಿ. ಹೊಸ ಪತ್ರದ ಮೊದಲ ಸಾಲು ಆ ಆಕ್ಷೇಪಣೆಗೆ ಉತ್ತರವಾಗಿರಲಿ, ಉಲ್ಲೇಖದಲ್ಲಿ ಹಳೆಯ ಫೈಲ್ ನಂಬರ್ ಹಾಕಿ.